ಎಫ್-1 ವೀಸಾ ಸಂದರ್ಶನ: ಉತ್ತರ ಬಾಯಿಪಾಠ ಮಾಡಿಸಬೇಕಾ, ಕಾಗದಪತ್ರ ಸರಿ ಮಾಡಿಕೊಳ್ಳಬೇಕಾ?

ತೋಟದಮನೆ
ನಮಸ್ಕಾರ. ಮಗಳಿಗೆ ಅಮೆರಿಕದಲ್ಲಿ ಎಲೆಕ್ಟ್ರಿಕಲ್ ಎಂಎಸ್ ಸೀಟು ಆಗಿದೆ, ಆಗಸ್ಟ್‌ನಲ್ಲಿ ಶುರು. ಯೂನಿವರ್ಸಿಟಿ ಕೊಡೋ ಪ್ರವೇಶದ ದಾಖಲೆ ಐ-20 ಕೈಗೆ ಬಂದಿದೆ. ಕೋಚಿಂಗ್‌ನವರು ಅರವತ್ತು ಪ್ರಶ್ನೆಗೆ ಉತ್ತರ ಟೈಪ್ ಮಾಡಿ ಕೊಟ್ಟು ಬಾಯಿಪಾಠ ಮಾಡಿಸಿ ಅಂತಿದ್ದಾರೆ. ಇದು ಬೇಕಾ? ಇನ್ನೂ ಎರಡು ಸಂಶಯ. ನಮ್ಮದು ಅಡಿಕೆ ತೋಟದ ಆದಾಯ, ಐಟಿ ರಿಟರ್ನ್ ಹಾಕುವ ಪದ್ಧತಿ ಇಲ್ಲ. ಹಣ ತೋರಿಸೋದು ಹೇಗೆ? ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಇಡೀ ಹೆಸರು ಗಿವನ್ ನೇಮ್‌ನಲ್ಲೇ ಇದೆ. ತೊಂದರೆ ಆಗುತ್ತಾ? ಗೊತ್ತಿರುವವರು ವಿವರವಾಗಿ ಬರೆಯಿರಿ.

ಜಯನಗರ_ನಾಲ್ಕನೇಬ್ಲಾಕ್
ಬಾಯಿಪಾಠ ಬೇಡವೇ ಬೇಡ ಸರ್. ಆ ಅರವತ್ತು ಉತ್ತರ ಅದೇ ಕೋಚಿಂಗ್‌ನಿಂದ ಹೋದ ಎಲ್ಲರ ಬಾಯಲ್ಲೂ ಇರುತ್ತೆ. ಆಫೀಸರ್ ಬೆಳಗ್ಗೆಯಿಂದ ಅದನ್ನೇ ಕೇಳಿರ್ತಾರೆ.

ದೂರದೇಶ
ಮೊದಲು ಕಾನೂನು ಏನು ಹೇಳುತ್ತೆ ಅಂತ ತಿಳ್ಕೊಳ್ಳಿ, ಆಮೇಲೆ ತಯಾರಿ ತಾನಾಗೇ ಸರಿದಾರಿಗೆ ಬರುತ್ತೆ. ಅಮೆರಿಕದ 1952ರ ವಲಸೆ ಕಾಯ್ದೆಯ 214(ಬಿ) ಸೆಕ್ಷನ್ ಪ್ರಕಾರ, ಕಾನ್ಸುಲೇಟ್‌ನ ಸಂದರ್ಶನದ ಕಿಟಕಿ ಮುಂದೆ ನಿಂತ ಪ್ರತಿಯೊಬ್ಬ ವಿದ್ಯಾರ್ಥಿಯೂ ಅಲ್ಲೇ ನೆಲೆಸೋಕೆ ಹೊರಟವನು ಅಂತಲೇ ಲೆಕ್ಕ. ಅಲ್ಲ ಅಂತ ತೋರಿಸೋ ಹೊಣೆ ವಿದ್ಯಾರ್ಥಿಯದು. ಆಫೀಸರ್ ನೋಡೋದು ನಾಲ್ಕೇ ಸಂಗತಿ. ಈ ಹುಡುಗಿ ನಿಜವಾಗಿ ಓದೋಕೆ ಹೋಗ್ತಿದ್ದಾಳಾ, ಓದು ಮುಗಿಸೋ ಶಕ್ತಿ ಇದೆಯಾ, ದುಡ್ಡು ಇದೆಯಾ, ಓದು ಮುಗಿದ ಮೇಲೆ ವಾಪಸ್ ಬರೋ ಉದ್ದೇಶ ಇದೆಯಾ. ಅರವತ್ತು ಪ್ರಶ್ನೆಯೂ ಈ ನಾಲ್ಕರ ಕವಲುಗಳೇ.

ಸಂದರ್ಶನ ಎರಡು ಮೂರು ನಿಮಿಷದಲ್ಲಿ ಮುಗಿಯುತ್ತೆ. ಅಷ್ಟರಲ್ಲಿ ಆಫೀಸರ್ ಕಣ್ಣು ಹೆಚ್ಚು ಹೊತ್ತು ಇರೋದು ಕಂಪ್ಯೂಟರ್ ಮೇಲೆ, ಅಲ್ಲಿ ತೆರೆದಿರೋದು ಡಿಎಸ್-160 ಅನ್ನೋ ಆನ್‌ಲೈನ್ ವೀಸಾ ಅರ್ಜಿ. ಬಾಯಲ್ಲಿ ಬರೋದು, ಡಿಎಸ್-160ನಲ್ಲಿ ಇರೋದು, ಐ-20ಯಲ್ಲಿ ಇರೋದು ಈ ಮೂರೂ ಒಂದಕ್ಕೊಂದು ಹೊಂದಬೇಕು. ಹೊಂದದಿದ್ರೆ ಎಷ್ಟೇ ಚೆನ್ನಾಗಿ ಇಂಗ್ಲಿಷ್ ಮಾತಾಡಿದ್ರೂ ಉಪಯೋಗ ಇಲ್ಲ. ಅದಕ್ಕೇ ಕೋಚಿಂಗ್‌ಗೆ ಕೊಡೋ ಸಮಯವನ್ನ ಡಿಎಸ್-160ಗೆ ಕೊಡಿ ಅಂತ ನಾನು ಒತ್ತಿ ಹೇಳ್ತೀನಿ.

ಧಾರವಾಡ_ಕಡಪಾ
ದೂರದೇಶ ಅವರು ಹೇಳಿದ್ದು ಖರೇ ಅದ. ಡಿಎಸ್-160 ಏಜೆಂಟರ ಕೈಯಾಗ ಕೊಟ್ಟು ಕುಂದರಬ್ಯಾಡ್ರಿ. ಅವರು ಒಬ್ಬರದು ಕಾಪಿ ಮಾಡಿ ಇನ್ನೊಬ್ಬರದಕ್ಕ ಹಾಕ್ತಾರ. ಅಪ್ಪನ ಕೆಲಸ, ಹಿಂದಿನ ಕಂಪನಿ, ಅಮೆರಿಕದಾಗಿನ ವಿಳಾಸ ಎಲ್ಲಾ ತಪ್ಪು ಬಿದ್ದಿರ್ತಾವ. ಕಿಟಕಿ ಮುಂದ ಹುಡುಗಿ ಬ್ಯಾರೇನ ಹೇಳ್ತಾಳ. ಅರ್ಜಿ ತುಂಬಾಕ ಯಾರರ ಸಹಾಯ ಮಾಡ್ಯಾರೇನು ಅಂತ ಅದರಾಗ ಒಂದು ಪ್ರಶ್ನಿನೂ ಅದ. ಏಜೆಂಟ್ ತುಂಬಿದ್ರ ಹೌದು ಅಂತನ ಬರೀಬೇಕು. ಅವರು ಇಲ್ಲ ಅಂತ ಬರದುಬಿಡ್ತಾರ.

ಫಾಲ್_ಪ್ರವೇಶ
ಡಿಎಸ್-160 ಸ್ವಂತ ತುಂಬೋರಿಗೆ: ಶುರು ಮಾಡಿದ ತಕ್ಷಣ ಅಪ್ಲಿಕೇಶನ್ ಐಡಿ ಬರೆದಿಟ್ಕೊಳ್ಳಿ, ಅದು ಎಎ ಅಂತ ಶುರುವಾಗುತ್ತೆ. 20 ನಿಮಿಷ ಸುಮ್ಮನಿದ್ರೆ ಸೈಟ್ ಹೊರಗೆ ಹಾಕುತ್ತೆ, ಹಾಗಾಗಿ ಪುಟಕ್ಕೊಂದು ಸಲ ಸೇವ್ ಒತ್ತಿ. ಅರ್ಧ ತುಂಬಿದ್ದು 30 ದಿನ ಅಲ್ಲೇ ಇರುತ್ತೆ. ಫೋಟೋ 2 ಇಂಚು ಚೌಕ, ಬಿಳಿ ಹಿನ್ನೆಲೆ, ಕನ್ನಡಕ ಇಲ್ಲದೆ, ಆರು ತಿಂಗಳ ಒಳಗಿನದು. ಸಬ್ಮಿಟ್ ಮಾಡಿದ ಮೇಲೆ ತಿದ್ದೋಕೆ ಆಗಲ್ಲ, ಹೊಸ ಅರ್ಜಿ ತುಂಬಬೇಕು.

ಹೊಸದು ತುಂಬಿದ್ರೆ ಕನ್ಫರ್ಮೇಶನ್ ನಂಬರ್ ಬದಲಾಗುತ್ತೆ. ಸಂದರ್ಶನದ ಸ್ಲಾಟ್ ಬುಕ್ ಮಾಡಿದ ಪ್ರೊಫೈಲ್‌ನಲ್ಲಿ ಇರೋ ನಂಬರ್, ಕೈಲಿರೋ ಕನ್ಫರ್ಮೇಶನ್ ಪುಟದ ನಂಬರ್ ಎರಡೂ ಒಂದೇ ಇರಬೇಕು. ಇಲ್ಲದಿದ್ರೆ ಕಾನ್ಸುಲೇಟ್ ಬಾಗಿಲಿಂದಲೇ ವಾಪಸ್ ಬರಬೇಕಾಗುತ್ತೆ. ತಪ್ಪು ಸಿಕ್ಕಿದ್ರೆ ಹೊಸ ಡಿಎಸ್-160 ತುಂಬಿ ಪ್ರೊಫೈಲ್‌ನಲ್ಲೂ ಆ ನಂಬರ್ ಬದಲಾಯಿಸಿ, ಸಂದರ್ಶನದ ಹಿಂದಿನ ರಾತ್ರಿವರೆಗೂ ಅದನ್ನ ಮುಂದೂಡಬೇಡಿ.

ಕರಾವಳಿಗಾಳಿ
ಸಂಬಂಧಿಕರ ಪ್ರಶ್ನೆಯಲ್ಲಿ ಎಡವುವವರು ತುಂಬಾ ಜನ ಮಾರಾಯ್ರೆ. ಡಿಎಸ್-160ಯಲ್ಲಿ ಅದಕ್ಕೆ ಎರಡು ಪ್ರಶ್ನೆ ಉಂಟು. ಮೊದಲನೆಯದು ಗಂಡ, ಹೆಂಡತಿ, ಮದುವೆ ನಿಶ್ಚಯ ಆದವರು, ಮಕ್ಕಳು, ಒಡಹುಟ್ಟಿದವರು ಮಾತ್ರ. ತಂದೆ ತಾಯಿಯದ್ದು ಬೇರೆಯೇ ಕೇಳುತ್ತಾರೆ. ಎರಡನೆಯದು ಉಳಿದ ನೆಂಟರು ಇದ್ದಾರಾ ಅಂತ. ದೊಡ್ಡಪ್ಪನ ಮಗ ಡಲ್ಲಾಸ್‌ನಲ್ಲಿದ್ದರೆ ಅವನು ಎರಡನೆಯದರಲ್ಲಿ ಬರುವವ. ಕಿಟಕಿಯಲ್ಲಿ ಅಭ್ಯಾಸಬಲದಿಂದ ಬ್ರದರ್ ಅಂದುಬಿಟ್ಟರೆ ಅರ್ಜಿಗೂ ಮಾತಿಗೂ ತಾಳೆ ಆಗುವುದಿಲ್ಲ. ಕಸಿನ್ ಅಂತಲೇ ಹೇಳಬೇಕು. ನೆಂಟರಿದ್ದಾರೆ ಅಂತ ಯಾರೂ ವೀಸಾ ನಿಲ್ಲಿಸುವುದಿಲ್ಲ, ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ನಿಲ್ಲಿಸುತ್ತಾರೆ.

ತೋಟದಮನೆ
ತುಂಬಾ ಉಪಯೋಗ ಆಯ್ತು. ದುಡ್ಡಿನ ವಿಷಯ ಯಾರಾದ್ರೂ ಹೇಳಿ.

ಲೆಕ್ಕದಪುಸ್ತಕ
ಐ-20ಯ ಮೊದಲ ಪುಟ ತೆಗೆದು ನೋಡಿ ಸರ್. ಎಡಗಡೆ ಅಂದಾಜು ಖರ್ಚು, ಬಲಗಡೆ ಹಣದ ಮೂಲ. 9 ತಿಂಗಳಿಗೋ 12 ತಿಂಗಳಿಗೋ ಅನ್ನೋದನ್ನೂ ಅಲ್ಲೇ ಬರೆದಿರ್ತಾರೆ. ಉದಾಹರಣೆಗೆ ಟ್ಯೂಷನ್ 25,000, ಊಟ ವಸತಿ 14,500, ವಿಮೆ ಪುಸ್ತಕ ಇತ್ಯಾದಿ 3,000, ಒಟ್ಟು 42,500 ಡಾಲರ್ ಅಂತ ಇಟ್ಕೊಳ್ಳಿ. ಡಾಲರ್‌ಗೆ 90 ರೂಪಾಯಿ ಹಿಡಿದ್ರೆ 38 ಲಕ್ಷದ 25 ಸಾವಿರ. ಈ ಮೊತ್ತ ಮಗಳ ನಾಲಗೆ ತುದಿಯಲ್ಲಿರಬೇಕು, ಡಾಲರ್‌ನಲ್ಲೂ ರೂಪಾಯಲ್ಲೂ.

ನಿಯಮ ಏನಂದ್ರೆ, ಮೊದಲ ವರ್ಷದ ಖರ್ಚಿಗೆ ಹಣ ಕೈಗೆ ಸಿಗೋ ಹಾಗೆ ಇರಬೇಕು. ಮುಂದಿನ ವರ್ಷಕ್ಕೆ ಅದೇ ಮೂಲದಿಂದಲೋ ಅಷ್ಟೇ ಭರವಸೆಯ ಇನ್ನೊಂದು ಮೂಲದಿಂದಲೋ ಬರುತ್ತೆ ಅಂತ ತೋರಿಸಬೇಕು. ಎರಡೂ ವರ್ಷದ ಹಣ ಇವತ್ತೇ ಬ್ಯಾಂಕಲ್ಲಿ ಇರಬೇಕಿಲ್ಲ. ಕೈಗೆ ಸಿಗೋ ಹಣ ಅಂದ್ರೆ ಉಳಿತಾಯ ಖಾತೆ, ಎಫ್‌ಡಿ, ಮಂಜೂರಾದ ವಿದ್ಯಾಸಾಲ. ತೋಟ, ಮನೆ, ಸೈಟು ಇವು ಆಸ್ತಿ, ಕುಟುಂಬದ ಬಲ ತೋರಿಸುತ್ತೆ ಅಷ್ಟೇ. ಎಕರೆಗೆ ಇಷ್ಟು ಕೋಟಿ ಅಂತ ವ್ಯಾಲ್ಯುಯರ್ ಬರೆದುಕೊಟ್ಟ ಹಾಳೆ ಸೆಮಿಸ್ಟರ್ ಫೀಸು ಕಟ್ಟಲ್ಲ. ಆಫೀಸರಿಗೂ ಅದು ಗೊತ್ತು.

ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ ಇಲ್ಲದಿದ್ರೆ ಅದು ತಪ್ಪಲ್ಲ. ಆದ್ರೆ ಆದಾಯ ಇದೆ ಅನ್ನೋಕೆ ಬೇರೆ ಪುರಾವೆ ಬೇಕು. ಪಹಣಿ, ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ, ಅಡಿಕೆ ಮಾರಿದ ಮಂಡಿ ಅಥವಾ ಸಹಕಾರ ಸಂಘದ ಪಟ್ಟಿ, ಆ ಹಣ ಖಾತೆಗೆ ಜಮಾ ಆದ ಪಾಸ್‌ಬುಕ್ ಸಾಲು. ಮೂರು ವರ್ಷದ್ದು ಜೋಡಿಸಿ. ಪಟ್ಟಿಯ ಮೊತ್ತ, ಜಮಾ ಆದ ಮೊತ್ತ, ತಾರೀಖು ಮೂರೂ ತಾಳೆ ಆಗೋ ಹಾಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಪಹಣಿ ಕನ್ನಡದಲ್ಲೇ ಬರೋದ್ರಿಂದ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಹಾಕಿಸಿ, ಚೆನ್ನೈ ಕಾನ್ಸುಲೇಟ್‌ನ ಕಿಟಕಿಯಲ್ಲಿ ಕನ್ನಡ ಓದುವವರು ಇರ್ತಾರೆ ಅಂತ ನೆಚ್ಚಿಕೊಳ್ಳಬೇಡಿ.

ಕರಾವಳಿಗಾಳಿ
ಆದಾಯ ಪ್ರಮಾಣಪತ್ರದಲ್ಲಿ ಒಂದು ಅಪಾಯ ಉಂಟು. ಸ್ಕಾಲರ್‌ಶಿಪ್‌ಗೋ ಫೀಸು ರಿಯಾಯಿತಿಗೋ ಅಂತ ಹಿಂದೆ ಮಾಡಿಸಿದ್ದರಲ್ಲಿ ವರ್ಷಕ್ಕೆ ಒಂದೆರಡು ಲಕ್ಷ ಅಂತ ಇರುತ್ತದೆ. ಅದನ್ನೇ ಫೈಲಿಗೆ ಹಾಕಿ 40 ಲಕ್ಷ ಖರ್ಚು ಮಾಡುತ್ತೇವೆ ಅಂದರೆ ಕಾಗದವೇ ವಿರುದ್ಧ ಸಾಕ್ಷಿ ಹೇಳುತ್ತದೆ.

ಲೆಕ್ಕದಪುಸ್ತಕ
ಕರೆಕ್ಟ್. ಇದನ್ನ ಎಲ್ಲರೂ ಗಮನಿಸಿ. ಫೈಲಿಗೆ ಸೇರಿಸೋ ಪ್ರತಿ ಹಾಳೆಯನ್ನೂ ಉಳಿದ ಹಾಳೆಗಳ ಪಕ್ಕ ಇಟ್ಟು ಓದಬೇಕು.

ಸಿಎ ಹತ್ರ ನೆಟ್‌ವರ್ತ್ ಸರ್ಟಿಫಿಕೇಟ್ ಮಾಡಿಸ್ತೀರಾದ್ರೆ ಅದರಲ್ಲಿ ಯುಡಿಐಎನ್ ಅನ್ನೋ 18 ಅಂಕಿಯ ಸಂಖ್ಯೆ ಇದೆಯಾ ನೋಡಿ. 2019ರ ಫೆಬ್ರವರಿಯಿಂದ ಸಿಎಗಳ ಸರ್ಟಿಫಿಕೇಟ್‌ಗೆ ಅದು ಕಡ್ಡಾಯ. ಸಿಎ ಸಂಸ್ಥೆಯ ಸೈಟ್‌ನಲ್ಲಿ ಯಾರು ಬೇಕಾದ್ರೂ ಅದನ್ನ ಪರೀಕ್ಷಿಸಬಹುದು. ಆ ಸಂಖ್ಯೆ ಇಲ್ಲದ ಸರ್ಟಿಫಿಕೇಟ್ ತಗೊಂಡು ಹೋಗೋದಕ್ಕಿಂತ ಸರ್ಟಿಫಿಕೇಟೇ ಇಲ್ಲದೆ ಹೋಗೋದು ವಾಸಿ.

ಫಾಲ್_ಪ್ರವೇಶ
ಕೊನೇ ವಾರದಲ್ಲಿ ಅಕೌಂಟಿಗೆ 20 ಲಕ್ಷ ತುಂಬಿಸೋದು?

ಲೆಕ್ಕದಪುಸ್ತಕ
ಎಲ್ಲಿಂದ ಬಂತು ಅಂತ ಕೇಳಿದ್ರೆ ಉತ್ತರ ಇರಬೇಕು. ಅಡಿಕೆ ವರ್ಷಕ್ಕೆ ಒಂದೆರಡು ಸಲ ಮಾರೋದು, ಬ್ಯಾಲೆನ್ಸ್ ಒಮ್ಮೆಲೇ ಏರೋದು ಸಹಜ, ಪಟ್ಟಿ ಇದ್ರೆ ಸಾಕು. ನೆಂಟರಿಂದ ಒಂದು ತಿಂಗಳಿಗೆ ಅಂತ ಹಾಕಿಸಿಕೊಂಡು ಆಮೇಲೆ ಹಿಂದಿರುಗಿಸೋ ಹಣ ಬೇಡ. ಅದಕ್ಕಿಂತ ವಿದ್ಯಾಸಾಲದ ಮಂಜೂರಾತಿ ಪತ್ರ ನೂರು ಪಾಲು ಗಟ್ಟಿ.

ಸಾಲದ ಬಗ್ಗೆ ಹೇಳಬೇಕಾದ್ದು: ಕಿಟಕಿಯಲ್ಲಿ ಬೇಕಾಗೋದು ಮಂಜೂರಾತಿ ಪತ್ರ. ಇನ್-ಪ್ರಿನ್ಸಿಪಲ್ ಅಂತ ಬರೆದಿರೋದು, ಅರ್ಜಿ ಸ್ವೀಕರಿಸಿದ್ದೇವೆ ಅನ್ನೋದು ಮಂಜೂರಾತಿ ಅಲ್ಲ. ಸಾರ್ವಜನಿಕ ಬ್ಯಾಂಕ್‌ಗಳ ಮಾದರಿ ಯೋಜನೆಯಲ್ಲಿ ವಿದೇಶಿ ಓದಿಗೆ ಶೇ. 15 ಮಾರ್ಜಿನ್ ಇರುತ್ತೆ, ಅಂದ್ರೆ ಅಷ್ಟು ಪಾಲು ಕುಟುಂಬ ಹಾಕಬೇಕು. ಖರ್ಚು 40 ಲಕ್ಷ ಆದ್ರೆ 6 ಲಕ್ಷ ನಿಮ್ಮದು. ಆ 6 ಲಕ್ಷ ಎಲ್ಲಿದೆ ಅನ್ನೋದಕ್ಕೂ ಕಾಗದ ಇಟ್ಕೊಳ್ಳಿ. ಸಾಲ ಯಾರ ಹೆಸರಲ್ಲಿ, ಬಡ್ಡಿ ಎಷ್ಟು, ಮರುಪಾವತಿ ಯಾವಾಗ ಶುರು ಅಂತ ಮಗಳಿಗೆ ಗೊತ್ತಿರಲಿ. ಸ್ವಂತ ಸಾಲದ ಮೊತ್ತ ಗೊತ್ತಿಲ್ಲದ ವಿದ್ಯಾರ್ಥಿ ಅಂದ್ರೆ ಆಫೀಸರ್‌ಗೆ ಅನುಮಾನ ಬಾರದೆ ಇರುತ್ತಾ?

ಕುವೆಂಪುನಗರ_ಏಳು
ಸ್ವಲ್ಪ ಪಕ್ಕದ ವಿಷಯ. ಬ್ಯಾಂಕ್ ಸಾಲದಿಂದ ವಿದೇಶಕ್ಕೆ ಫೀಸು ಕಳಿಸಿದ್ರೂ ಟಿಸಿಎಸ್ (ಹಣ ಕಳಿಸೋವಾಗ ಬ್ಯಾಂಕ್ ವಸೂಲಿ ಮಾಡೋ ತೆರಿಗೆ) ಹಿಡೀತಾರಾ?

ಲೆಕ್ಕದಪುಸ್ತಕ
ಬ್ಯಾಂಕ್‌ನಂಥ ಮಾನ್ಯ ಹಣಕಾಸು ಸಂಸ್ಥೆಯ ವಿದ್ಯಾಸಾಲದಿಂದ ಹೋಗೋ ಹಣಕ್ಕೆ 2025ರ ಏಪ್ರಿಲ್ 1ರಿಂದ ಟಿಸಿಎಸ್ ಇಲ್ಲ. ಸ್ವಂತ ಹಣಕ್ಕೆ ವರ್ಷಕ್ಕೆ 10 ಲಕ್ಷದವರೆಗೆ ಇಲ್ಲ, ಅದರ ಮೇಲಿನದಕ್ಕೆ ಇದೆ. ರಿಟರ್ನ್ ಹಾಕಿ ವಾಪಸ್ ಪಡೀಬಹುದು. ವೀಸಾಗೂ ಇದಕ್ಕೂ ಸಂಬಂಧ ಇಲ್ಲ.

ಪಾಸ್‌ಪೋರ್ಟ್_ಸಾಲು
ತೋಟದಮನೆ ಅವರೇ, ಸರ್‌ನೇಮ್ ವಿಷಯ ನಾನು ಹೇಳ್ತೀನಿ. ನಮ್ಮ ಕಡೆ ಹೆಸರಿನ ಮುಂದೆ ಊರಿನದೋ ಅಪ್ಪನದೋ ಇನಿಶಿಯಲ್ ಇರೋದೇ ಹೆಚ್ಚು, ಹಾಗಾಗಿ ಸರ್‌ನೇಮ್ ಖಾಲಿ ಇರೋ ಪಾಸ್‌ಪೋರ್ಟ್ ತುಂಬಾ ಇವೆ. ವೀಸಾ ಇದರಿಂದ ನಿಲ್ಲಲ್ಲ. ಡಿಎಸ್-160ಯಲ್ಲಿ ಇಡೀ ಹೆಸರನ್ನ ಸರ್‌ನೇಮ್ ಜಾಗದಲ್ಲಿ ಹಾಕಿ, ಗಿವನ್ ನೇಮ್ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್) ಅಂತ ಬರೀಬೇಕು. ವೀಸಾ ಸ್ಟಿಕರ್ ಮೇಲೂ ಹಾಗೇ ಬರುತ್ತೆ. ಐ-20ಯಲ್ಲಿ ಹೆಸರು ಹೇಗಿದೆ ನೋಡಿ. ಯೂನಿವರ್ಸಿಟಿಯವರು ಅಪ್ಪನ ಹೆಸರನ್ನ ಸರ್‌ನೇಮ್ ಮಾಡಿಬಿಟ್ಟಿದ್ರೆ ಪಾಸ್‌ಪೋರ್ಟ್ ಸ್ಕ್ಯಾನ್ ಕಳಿಸಿ ತಿದ್ದಿಸಿ. ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಒಂದು ಮೇಲ್ ಹಾಕಿದ್ರೆ ಹೊಸ ಐ-20 ಕೊಡ್ತಾರೆ.

ತೊಂದರೆ ಶುರುವಾಗೋದು ಅಲ್ಲಿಗೆ ಹೋದಮೇಲೆ. ಡ್ರೈವಿಂಗ್ ಲೈಸೆನ್ಸ್, ಬ್ಯಾಂಕ್, ಬಾಡಿಗೆ ಕರಾರು ಎಲ್ಲದರಲ್ಲೂ ಎಫ್‌ಎನ್‌ಯು ಅಂತಲೇ ಬರುತ್ತೆ. ಸಮಯ ಇದ್ರೆ ಈಗಲೇ ಪಾಸ್‌ಪೋರ್ಟ್ ರೀಇಶ್ಯೂ ಮಾಡಿಸಿ, ಇದ್ದ ಹೆಸರನ್ನೇ ಎರಡು ಭಾಗ ಮಾಡಿಸೋದು ಒಳ್ಳೇದು. 36 ಪುಟದ್ದಕ್ಕೆ 1500 ರೂಪಾಯಿ, ತತ್ಕಾಲ್ ಆದ್ರೆ ಇನ್ನೂ 2000. ಆದ್ರೆ ಕ್ರಮ ತಪ್ಪಬಾರದು: ಮೊದಲು ಹೊಸ ಪಾಸ್‌ಪೋರ್ಟ್, ಆಮೇಲೆ ಐ-20 ತಿದ್ದುಪಡಿ, ಆಮೇಲೆ ಡಿಎಸ್-160, ಕೊನೆಗೆ ಸ್ಲಾಟ್. ಸ್ಲಾಟ್ ಆಗಲೇ ಬುಕ್ ಆಗಿದ್ರೆ ಪಾಸ್‌ಪೋರ್ಟ್ ಮುಟ್ಟಬೇಡಿ.

ಎಸ್‌ಎಸ್‌ಎಲ್‌ಸಿ, ವಿಟಿಯು ಅಂಕಪಟ್ಟಿಯಲ್ಲಿ ಇನಿಶಿಯಲ್ ಇದ್ದು ಪಾಸ್‌ಪೋರ್ಟ್‌ನಲ್ಲಿ ಬಿಡಿಸಿ ಬರೆದಿದ್ರೆ, ಇಬ್ಬರೂ ಒಬ್ಬರೇ ಅನ್ನೋ ಅಫಿಡವಿಟ್ ಒಂದು ಫೈಲಲ್ಲಿರಲಿ. ಕೇಳೋದು ಅಪರೂಪ.

ತೋಟದಮನೆ
ಸ್ಲಾಟ್ ಇನ್ನೂ ಬುಕ್ ಆಗಿಲ್ಲ. ಬೆಂಗಳೂರಲ್ಲೇ ಕಾನ್ಸುಲೇಟ್ ಆಯ್ತಲ್ಲ, ಅಲ್ಲಿ ಆಗಲ್ವಾ?

ಜಯನಗರ_ನಾಲ್ಕನೇಬ್ಲಾಕ್
2025ರ ಜನವರಿಯಲ್ಲಿ ಉದ್ಘಾಟನೆ ಆಯ್ತು, ಆದ್ರೆ ವೀಸಾ ಕೆಲಸ ಇಲ್ಲದೇ ಶುರುವಾದ ಕಾನ್ಸುಲೇಟ್ ಅದು. ನಮ್ಮವರು ಹೋಗೋದು ಚೆನ್ನೈ ಇಲ್ಲಾ ಹೈದರಾಬಾದ್. ಬುಕ್ ಮಾಡೋವಾಗ ಪಟ್ಟಿಯಲ್ಲಿ ಯಾವ ಊರು ಬರುತ್ತೋ ಅದೇ ಲೆಕ್ಕ.

ಫಾಲ್_ಪ್ರವೇಶ
ದುಬೈ, ಸಿಂಗಪುರ ಕಡೆ ಸ್ಲಾಟ್ ಹಿಡಿಯೋ ಯೋಚನೆಯನ್ನೂ ಬಿಡಿ. ತಮ್ಮ ದೇಶದಲ್ಲೋ ವಾಸ ಇರೋ ದೇಶದಲ್ಲೋ ಸಂದರ್ಶನಕ್ಕೆ ಹೋಗಬೇಕು ಅಂತ 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಹೇಳಿದೆ.

ಖರ್ಚು: ವೀಸಾ ಅರ್ಜಿ ಶುಲ್ಕ 185 ಡಾಲರ್, ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡೋ ಅಮೆರಿಕ ಸರ್ಕಾರದ ವ್ಯವಸ್ಥೆ) ಶುಲ್ಕ 350 ಡಾಲರ್. ಎರಡೂ ಬೇರೆ ಬೇರೆ ಸೈಟ್, ಬೇರೆ ಬೇರೆ ರಸೀದಿ. ಸೆವಿಸ್ ಕಟ್ಟೋವಾಗ ಐ-20 ಮೇಲಿರೋ ಎನ್ ಅಕ್ಷರದಿಂದ ಶುರುವಾಗೋ ಸಂಖ್ಯೆ, ಸ್ಕೂಲ್ ಕೋಡ್ ಎರಡನ್ನೂ ನೋಡಿ ನೋಡಿ ಹಾಕಿ. ಸಂದರ್ಶನಕ್ಕೆ ಒಂದು ವಾರ ಮೊದಲಾದ್ರೂ ಕಟ್ಟಿಬಿಡಿ, ಇಲ್ಲದಿದ್ರೆ ಅವರ ಸಿಸ್ಟಮ್‌ನಲ್ಲಿ ಕಾಣದೇ ಹೋಗಬಹುದು.

ಎರಡು ಮೂರು ಕಡೆಯ ಐ-20 ಇದ್ರೆ ಮೊದಲು ಒಂದನ್ನ ಗಟ್ಟಿ ಮಾಡಿಕೊಳ್ಳಿ. ಡಿಎಸ್-160, ಸೆವಿಸ್ ರಸೀದಿ, ಕೈಲಿರೋ ಐ-20 ಮೂರರಲ್ಲೂ ಅದೇ ಯೂನಿವರ್ಸಿಟಿ ಇರಬೇಕು. ಶುಲ್ಕ ಕಟ್ಟಿದ ಮೇಲೆ ಮನಸ್ಸು ಬದಲಾದ್ರೆ ಸೆವಿಸ್ ಹಣವನ್ನ ಹೊಸ ಐ-20ಗೆ ವರ್ಗಾಯಿಸೋಕೆ ಅವಕಾಶ ಇದೆ, ಮತ್ತೆ 350 ಕಟ್ಟಬೇಡಿ.

ಧಾರವಾಡ_ಕಡಪಾ
ಸ್ಲಾಟ್ ಹಿಡಿಸಿಕೊಡ್ತೀವಿ ಅಂತ ಟೆಲಿಗ್ರಾಂನ್ಯಾಗ ಕುಂತವರಿಗೆ ಪಾಸ್‌ವರ್ಡ್ ಕೊಡಬ್ಯಾಡ್ರಿ. 2025ರ ಮಾರ್ಚ್‌ದಾಗ ಬಾಟ್ ಹಚ್ಚಿ ಹಿಡದ ಸುಮಾರು 2000 ಅಪಾಯಿಂಟ್‌ಮೆಂಟ್ ರಾಯಭಾರ ಕಚೇರಿಯವರು ರದ್ದು ಮಾಡಿದ್ರು. ಅದೂ ಅಲ್ಲದ ದಿನಕ್ಕ ಹತ್ತಾರು ಸಲ ಲಾಗಿನ್ ಮಾಡಿದ್ರ ಅಕೌಂಟ್ ಲಾಕ್ ಆಗ್ತದ. 2025ರ ಜನವರಿಯಿಂದ ತಾರೀಖು ಬದಲಿಸಾಕ ಒಂದ ಸಲ ಪುಕ್ಕಟೆ, ಮತ್ತ ಬದಲಿಸಬೇಕಂದ್ರ ಶುಲ್ಕ ಮತ್ತ ಕಟ್ಟಬೇಕು.

ಕುವೆಂಪುನಗರ_ಏಳು
ಸೋಶಿಯಲ್ ಮೀಡಿಯಾ ಪಬ್ಲಿಕ್ ಮಾಡಬೇಕು ಅಂತಾರೆ, ನಿಜವಾ?

ದೂರದೇಶ
ನಿಜ. 2025ರ ಮೇ ಕೊನೆಗೆ ಹೊಸ ವಿದ್ಯಾರ್ಥಿ ಸಂದರ್ಶನಗಳ ಬುಕಿಂಗ್ ನಿಲ್ಲಿಸಿದ್ರು, ಜೂನ್‌ನಲ್ಲಿ ಮತ್ತೆ ಶುರು ಮಾಡಿದಾಗ ಎಫ್, ಎಂ, ಜೆ (ವಿದ್ಯಾರ್ಥಿ, ವಿನಿಮಯ ವೀಸಾ) ಅರ್ಜಿದಾರರು ಖಾತೆಗಳನ್ನ ಪಬ್ಲಿಕ್ ಇಡಬೇಕು ಅಂತ ಹೇಳಿದ್ರು. ಕಳೆದ 5 ವರ್ಷದಲ್ಲಿ ಬಳಸಿದ ಖಾತೆಗಳ ಹೆಸರನ್ನ ಡಿಎಸ್-160 2019ರಿಂದಲೇ ಕೇಳ್ತಿದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಲಿಂಕ್ಡ್‌ಇನ್, ಯೂಟ್ಯೂಬ್, ರೆಡ್ಡಿಟ್ ಎಲ್ಲಾ ಆ ಪಟ್ಟಿಯಲ್ಲಿವೆ. ಮರೆತುಹೋದ ಹಳೇ ಖಾತೆಯನ್ನೂ ಬರೀಬೇಕು. ಲಿಂಕ್ಡ್‌ಇನ್ ವಿಶೇಷವಾಗಿ ನೋಡಿ. ಅಲ್ಲಿ ಕೆಲಸದ ತಾರೀಖು ಒಂದು, ಡಿಎಸ್-160ಯಲ್ಲಿ ಇನ್ನೊಂದು ಇರೋದು ಬಹಳ ಸಾಮಾನ್ಯ.

ಸಂದರ್ಶನದ ಹಿಂದಿನ ವಾರ ಎಲ್ಲಾ ಅಳಿಸಿ ಖಾಲಿ ಮಾಡೋದು ಬೇಡ, ಅದೇ ಅನುಮಾನಕ್ಕೆ ದಾರಿ.

ಎಲೆಕ್ಟ್ರಿಕಲ್_ವಿಭಾಗ
ಇಷ್ಟೆಲ್ಲಾ ಕಾಗದದ ಮಾತಾಯ್ತು. ಕಾಗದವನ್ನ ಆಫೀಸರ್ ಬಹಳ ಸಲ ಕೇಳೋದೇ ಇಲ್ಲ. ಪಾಸ್‌ಪೋರ್ಟ್, ಐ-20 ತಗೊಂಡು ಮಾತಿಗೆ ಶುರು ಮಾಡ್ತಾರೆ. ಹಾಗಾಗಿ ಓದಿನ ಬಗ್ಗೆ ಮಾತಾಡೋದನ್ನ ಕಡೆಗಣಿಸಬೇಡಿ.

ಈ ಯೂನಿವರ್ಸಿಟಿ ಯಾಕೆ ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಒಳ್ಳೆ ಫ್ಯಾಕಲ್ಟಿ, ಒಳ್ಳೆ ಲ್ಯಾಬ್, ರ‍್ಯಾಂಕಿಂಗ್ ಚೆನ್ನಾಗಿದೆ ಅನ್ನೋದು ಉತ್ತರವೇ ಅಲ್ಲ, ಯಾವ ಯೂನಿವರ್ಸಿಟಿಗಾದ್ರೂ ಅನ್ವಯಿಸುತ್ತೆ. ಎಲೆಕ್ಟ್ರಿಕಲ್ ಅಂದ್ರಲ್ಲ, ಅದನ್ನೇ ತಗೊಳ್ಳಿ. ವಿಸ್ಕಾನ್ಸಿನ್-ಮ್ಯಾಡಿಸನ್‌ನಲ್ಲಿ ವೆಂಪೆಕ್ ಅಂತ ವಿದ್ಯುತ್ ಯಂತ್ರ, ಪವರ್ ಎಲೆಕ್ಟ್ರಾನಿಕ್ಸ್‌ನ ಒಕ್ಕೂಟ ಇದೆ, ಉದ್ಯಮದ ಕಂಪನಿಗಳು ಅದರ ಸದಸ್ಯರು. ನಾರ್ತ್ ಕೆರೋಲಿನಾ ಸ್ಟೇಟ್‌ನಲ್ಲಿ ಫ್ರೀಡಂ ಅನ್ನೋ ಸ್ಮಾರ್ಟ್ ಗ್ರಿಡ್ ಕೇಂದ್ರ ಇದೆ. ಮೋಟಾರ್ ಕಂಟ್ರೋಲ್ ಮೇಲೆ ಅಂತಿಮ ವರ್ಷದ ಪ್ರಾಜೆಕ್ಟ್ ಮಾಡಿದ ಹುಡುಗಿ ಮೊದಲನೆಯದಕ್ಕೆ ಹೋಗ್ತಿದ್ರೆ ಹೇಳಬೇಕಾದ್ದು ಇಷ್ಟು: ನನ್ನ ಪ್ರಾಜೆಕ್ಟ್ ಇಂಥ ಮೋಟಾರ್‌ನ ವೇಗ ನಿಯಂತ್ರಣದ್ದು, ಅದರಲ್ಲಿ ಇನ್ವರ್ಟರ್ ಭಾಗ ನನಗೆ ಸಾಲದಾಯ್ತು, ಅಲ್ಲಿ ವಿದ್ಯುತ್ ಯಂತ್ರ ಮತ್ತು ಡ್ರೈವ್‌ಗಳ ಕೋರ್ಸ್‌ಗಳು ಒಂದರ ಮೇಲೊಂದು ಜೋಡಿಸಿದ ಹಾಗಿವೆ, ಅದಕ್ಕೇ ಆರಿಸಿಕೊಂಡೆ. ಮೂರು ವಾಕ್ಯ, ಇಪ್ಪತ್ತು ಸೆಕೆಂಡು. ಆಫೀಸರ್ ಇಂಜಿನಿಯರ್ ಅಲ್ಲ, ಸೂತ್ರ ಹೇಳೋಕೆ ಹೋಗಬಾರದು. ಆದ್ರೆ ಇವಳಿಗೆ ವಿಷಯ ಗೊತ್ತು ಅನ್ನೋದು ಅವರಿಗೆ ತಕ್ಷಣ ತಿಳಿಯುತ್ತೆ.

ಮೊದಲ ಸೆಮಿಸ್ಟರ್‌ನ ಮೂರು ಕೋರ್ಸ್ ಹೆಸರು, ಪದವಿಗೆ ಬೇಕಾದ ಒಟ್ಟು ಕ್ರೆಡಿಟ್, ಥೀಸಿಸ್ ಇದೆಯಾ ಇಲ್ಲವಾ, ಯೂನಿವರ್ಸಿಟಿ ಇರೋ ಊರು. ಇವು ಗೊತ್ತಿಲ್ಲದೆ ಕಿಟಕಿ ಹತ್ತಿರ ಹೋಗಬಾರದು.

ಫಾಲ್_ಪ್ರವೇಶ
ಬ್ಯಾಕ್‌ಲಾಗ್ ಇದ್ರೆ?

ಎಲೆಕ್ಟ್ರಿಕಲ್_ವಿಭಾಗ
ಕೇಳಿದ್ರೆ ಸಂಖ್ಯೆ ಹೇಳಿ, ಯಾವ ಸೆಮಿಸ್ಟರ್‌ನಲ್ಲಿ ಪಾಸಾಯ್ತು ಹೇಳಿ, ನಿಲ್ಲಿಸಿ. ವಿಟಿಯುನ ಪೇಪರ್ ವ್ಯಾಲ್ಯುಯೇಶನ್ ಸರಿ ಇರಲಿಲ್ಲ ಅಂತ ದೂರೋಕೆ ಹೋದ್ರೆ ಎರಡು ನಿಮಿಷ ಅದರಲ್ಲೇ ಕಳೆದುಹೋಗುತ್ತೆ. ಎಷ್ಟು ಕಡೆ ಅರ್ಜಿ ಹಾಕಿದ್ರಿ, ಎಷ್ಟು ಕಡೆ ಸಿಕ್ತು ಅಂದ್ರೂ ಹಾಗೇ. ಆರು ಹಾಕಿ ಎರಡು ಸಿಕ್ಕಿದ್ರೆ ಎರಡು ಅನ್ನಿ. ತಿರಸ್ಕಾರ ಆಗಿದ್ದನ್ನ ಹೇಳಿದ್ರೆ ಯಾರೂ ಶಿಕ್ಷೆ ಕೊಡಲ್ಲ.

ಕುವೆಂಪುನಗರ_ಏಳು
ಓದು ಮುಗಿದ ಮೇಲೆ ಏನು ಅಂದ್ರೆ ಒಪಿಟಿ (ಓದಿಗೆ ಸಂಬಂಧಪಟ್ಟ ಕೆಲಸವನ್ನ ಅಲ್ಲೇ ಸ್ವಲ್ಪ ಕಾಲ ಮಾಡೋ ಅವಕಾಶ) ಬಗ್ಗೆ ಬಾಯಿ ಬಿಡಲೇಬಾರದು. ಭಾರತಕ್ಕೆ ವಾಪಸ್ ಅಂತ ಮಾತ್ರ ಹೇಳಬೇಕು.

ದೂರದೇಶ
ಇದನ್ನ ನಾನು ಒಪ್ಪಲ್ಲ. ಒಪಿಟಿ ಕಾನೂನಿನಲ್ಲೇ ಇರೋದು: 12 ತಿಂಗಳು, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ) ಪದವಿಗೆ ಇನ್ನೂ 24 ತಿಂಗಳು. ಒಪಿಟಿ ಮಾಡ್ತೀಯಾ ಅಂತ ನೇರವಾಗಿ ಕೇಳಿದಾಗ ಹಾಗಂದ್ರೆ ಏನು ಅಂತ ಗೊತ್ತೇ ಇಲ್ಲದ ಹಾಗೆ ನಿಂತ್ರೆ ಯಾರು ನಂಬ್ತಾರೆ? ಓದಿಗೆ ಸಂಬಂಧಪಟ್ಟ ತರಬೇತಿ ಸಿಕ್ಕಿದ್ರೆ ಮಾಡ್ತೀನಿ, ಆಮೇಲೆ ಇಂಥ ಕ್ಷೇತ್ರದಲ್ಲಿ ಬೆಂಗಳೂರಿನಲ್ಲಿ ಕೆಲಸ ಮಾಡೋ ಯೋಚನೆ ಇದೆ ಅಂದ್ರೆ ಸತ್ಯವೂ ಹೌದು, ಸಾಕಷ್ಟೂ ಹೌದು.

ಕುವೆಂಪುನಗರ_ಏಳು
ಕೇಳದೇ ಹೇಳೋದು ತಪ್ಪಲ್ವಾ ಮತ್ತೆ?

ದೂರದೇಶ
ಕೇಳದೇ ಇದ್ರೆ ಹೇಳೋ ಅಗತ್ಯ ಇಲ್ಲ, ಅಲ್ಲಿಗೆ ಒಪ್ತೀನಿ. ನಿಜಕ್ಕೂ ಕೆಡಿಸೋ ಉತ್ತರ ಬೇರೆ ಇದೆ: ಸಾಲ ಹೇಗೆ ತೀರಿಸ್ತೀಯಾ ಅಂದ್ರೆ ಅಲ್ಲೇ ದುಡಿದು ತೀರಿಸ್ತೀನಿ ಅನ್ನೋದು. ಖರ್ಚು ಹೇಗೆ ಅಂದ್ರೆ ಪಾರ್ಟ್ ಟೈಮ್ ಕೆಲಸ ಮಾಡ್ತೀನಿ ಅನ್ನೋದು. ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಅವಕಾಶ ಇದೆ ನಿಜ, ಆದ್ರೆ ಸಿಗುತ್ತೋ ಇಲ್ವೋ ಗೊತ್ತಿಲ್ಲದ ಕೆಲಸವನ್ನ ಹಣದ ಮೂಲ ಅಂತ ತೋರಿಸೋಕೆ ಆಗಲ್ಲ.

ವಾಪಸ್ ಬರೋದಕ್ಕೆ ಕಾರಣ ಹೇಳೋವಾಗಲೂ ಅಪ್ಪ ಅಮ್ಮನ ಮೇಲೆ ಪ್ರೀತಿ ಅಂತ ಶುರು ಮಾಡಿದ್ರೆ ಎಲ್ಲರೂ ಹೇಳೋದೇ ಆಯ್ತು. ಯಾವ ಥರದ ಕೆಲಸ, ಇಲ್ಲಿ ಯಾವ ಉದ್ಯಮದಲ್ಲಿ, ಈ ಪದವಿ ಅದಕ್ಕೆ ಯಾಕೆ ಬೇಕು ಅಂತ ಹೇಳಲಿ. ತೋಟ ನೋಡಿಕೊಳ್ಳೋಕೆ ವಾಪಸ್ ಬರ್ತೀನಿ ಅಂತ ಎಲೆಕ್ಟ್ರಿಕಲ್ ಎಂಎಸ್ ಮಾಡೋಳು ಹೇಳಿದ್ರೆ ಹೊಂದಲ್ಲ.

ಧಾರವಾಡ_ಕಡಪಾ
ಒಂದು ಎಚ್ಚರಿಕಿ ಹೇಳ್ತೀನಿ. ಐ-20 ಕೊಡಾಕ ಪರವಾನಗಿ ಅದ ಅಂದ್ರ ಕಾಲೇಜು ಚೊಲೋ ಅದ ಅಂತಲ್ಲ. 2011ರಾಗ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಯೂನಿವರ್ಸಿಟಿ ಮ್ಯಾಲೆ ದಾಳಿ ಆದಾಗ ಭಾರತದ ಹುಡುಗ್ರು ದೊಡ್ಡ ಸಂಖ್ಯಾದಾಗ ಸಿಕ್ಕೊಂಡ್ರು. ಫಾರ್ಮಿಂಗ್ಟನ್ ಅಂತೂ ಮಿಶಿಗನ್‌ನ್ಯಾಗ ಅಲ್ಲಿನ ಅಧಿಕಾರಿಗಳೇ ಹಿಡಿಯಾಕ ಅಂತ ನಡಿಸಿದ ಖೊಟ್ಟಿ ಯೂನಿವರ್ಸಿಟಿ, 2019ರಾಗ ಬಯಲಾತು. ಕ್ಲಾಸಿಗೆ ಹೋಗೂದ ಬ್ಯಾಡ, ಮೊದಲ ದಿನದಿಂದ ಕೆಲಸ ಅಂತ ಯಾರರ ಅಂದ್ರ ಅಲ್ಲೇ ಎದ್ದು ಬರ್ರಿ. ಖೊಟ್ಟಿ ಬ್ಯಾಂಕ್ ಪತ್ರ, ಖೊಟ್ಟಿ ಅನುಭವ ಪತ್ರ ಸಿಕ್ಕರ 212(ಎ)(6)(ಸಿ) ಹಾಕ್ತಾರ, ಅದು ಜೀವನಪೂರ್ತಿ ಬಾಗಿಲು ಮುಚ್ಚೂ ಸೆಕ್ಷನ್ ಅದ. 214(ಬಿ) ಆದ್ರ ಮತ್ತ ಹೋಗಬಹುದು.

ಚಿಕ್ಕಮಗಳೂರು_ಮಳೆ
ಇಷ್ಟೆಲ್ಲ ಯಾಕೆ, ಜರ್ಮನಿಗೆ ಕಳಿಸಿ. ಬೆಂಗಳೂರಲ್ಲೇ ಕಾನ್ಸುಲೇಟ್.

ದೂರದೇಶ
ಅಲ್ಲೂ ಕಾಗದ ಕಡಿಮೆ ಇಲ್ಲ. ಭಾರತದ ವಿದ್ಯಾರ್ಥಿಗಳಿಗೆ 2022ರ ನವೆಂಬರ್‌ನಿಂದ ಎಪಿಎಸ್ (ಓದಿನ ದಾಖಲೆ ಅಸಲಿ ಅಂತ ಪರಿಶೀಲಿಸಿ ಕೊಡೋ) ಪ್ರಮಾಣಪತ್ರ ಕಡ್ಡಾಯ, ಶುಲ್ಕ 18,000 ರೂಪಾಯಿ. ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯೋಕೆ ಆಗೋ ಖಾತೆ) ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ವರ್ಷಕ್ಕೆ 11,904 ಇಡಬೇಕು. ಅದಕ್ಕೆ ಬೇರೆ ಚರ್ಚೆ ಶುರು ಮಾಡೋಣ, ಇವರ ಮಗಳಿಗೆ ಸೀಟು ಆಗಿರೋದು ಅಮೆರಿಕದಲ್ಲಿ.

ಜಯನಗರ_ನಾಲ್ಕನೇಬ್ಲಾಕ್
ಸಂದರ್ಶನದ ದಿನದ ವಿಷಯ ಯಾರೂ ಬರೆದಿಲ್ಲ. ಎರಡು ಅಪಾಯಿಂಟ್‌ಮೆಂಟ್ ಇರುತ್ತೆ. ಮೊದಲನೆಯದು ಬಯೋಮೆಟ್ರಿಕ್ ಕೇಂದ್ರದಲ್ಲಿ, ಬೆರಳಚ್ಚು ಮತ್ತು ಫೋಟೋ. ಪಾಸ್‌ಪೋರ್ಟ್, ಡಿಎಸ್-160 ಕನ್ಫರ್ಮೇಶನ್ ಪುಟ, ಅಪಾಯಿಂಟ್‌ಮೆಂಟ್ ಪತ್ರ ಸಾಕು. ಬೆರಳ ತುದಿಯಲ್ಲಿ ಗಾಯ, ಸುಟ್ಟ ಗುರುತು ಇದ್ರೆ ಅಚ್ಚು ಬೀಳಲ್ಲ, ಹಿಂದಿನ ವಾರ ಅಡುಗೆಮನೆಯಲ್ಲಿ ಹುಷಾರು. ಸಂದರ್ಶನ ಮರುದಿನವೋ ಆಮೇಲೋ, ಚೆನ್ನೈ ಆದ್ರೆ ಅಣ್ಣಾ ಸಾಲೈನಲ್ಲಿ ಜೆಮಿನಿ ಫ್ಲೈಓವರ್ ಪಕ್ಕ. ಹಾಗಾಗಿ ಒಂದು ರಾತ್ರಿ ಉಳಿಯೋ ವ್ಯವಸ್ಥೆ ಬೇಕು.

ಮೊಬೈಲ್, ಸ್ಮಾರ್ಟ್ ವಾಚ್, ಪೆನ್‌ಡ್ರೈವ್, ಬ್ಯಾಗ್ ಯಾವುದೂ ಒಳಗೆ ಬಿಡಲ್ಲ, ಲಾಡ್ಜ್‌ನಲ್ಲೇ ಇಟ್ಟು ಹೊರಡಿ. ಕಾಗದಗಳು ಒಂದು ಪಾರದರ್ಶಕ ಫೋಲ್ಡರ್‌ನಲ್ಲಿ. ಮೇಲಿಂದ ಪಾಸ್‌ಪೋರ್ಟ್, ಐ-20, ಸೆವಿಸ್ ರಸೀದಿ, ಡಿಎಸ್-160 ಪುಟ. ಅದರ ಕೆಳಗೆ ಹಣದ್ದು, ಕೊನೆಗೆ ಅಂಕಪಟ್ಟಿ, ಜಿಆರ್‌ಇ, ಇಂಗ್ಲಿಷ್ ಪರೀಕ್ಷೆಯದು. ಐ-20 ಮೇಲೆ ವಿದ್ಯಾರ್ಥಿ ಸಹಿ ಹಾಕೋ ಜಾಗ ಖಾಲಿ ಬಿಟ್ಟು ಬರೋರು ಇದ್ದಾರೆ, ಪ್ರಿಂಟ್ ತೆಗೆದ ದಿನವೇ ಸಹಿ ಹಾಕಿಸಿ. ಮೇಲ್‌ನಲ್ಲಿ ಬಂದ ಐ-20 ಪ್ರಿಂಟ್ ನಡೆಯುತ್ತೆ.

ತಂದೆ ತಾಯಿ ಹೊರಗೇ ಕಾಯಬೇಕು. ಒಳಗೆ ಕಿಟಕಿಗೆ ಗಾಜು ಇರುತ್ತೆ, ಮೈಕ್‌ನಲ್ಲಿ ಮಾತು, ನಿಂತೇ ಮಾತಾಡೋದು. ಪಕ್ಕದ ಕಿಟಕಿಯ ಸದ್ದೂ ಕೇಳಿಸುತ್ತೆ. ಪ್ರಶ್ನೆ ಅರ್ಥ ಆಗದಿದ್ರೆ ಇನ್ನೊಮ್ಮೆ ಹೇಳಿ ಅಂತ ಕೇಳಬಹುದು, ಊಹಿಸಿ ಉತ್ತರ ಕೊಡೋದಕ್ಕಿಂತ ಅದು ಎಷ್ಟೋ ಮೇಲು. ಆಫೀಸರ್ ಟೈಪ್ ಮಾಡ್ತಾ ಸುಮ್ಮನಿದ್ರೆ ಇವರೂ ಸುಮ್ಮನಿರಬೇಕು. ಆ ಮೌನಕ್ಕೆ ಹೆದರಿ ಏನೇನೋ ಸೇರಿಸಿ ಹೇಳೋದ್ರಿಂದಲೇ ಹೊಸ ಪ್ರಶ್ನೆ ಹುಟ್ಟೋದು.

ತೋಟದಮನೆ
ಆಗಲಿಲ್ಲ ಅಂದ್ರೆ ಮುಂದೇನು ಅನ್ನೋದನ್ನೂ ಹೇಳಿಬಿಡಿ.

ದೂರದೇಶ
ಪಾಸ್‌ಪೋರ್ಟ್ ಅವರು ಇಟ್ಕೊಂಡ್ರೆ ಸಾಮಾನ್ಯವಾಗಿ ಆಯ್ತು ಅಂತ. 214(ಬಿ) ಚೀಟಿ ಜೊತೆ ವಾಪಸ್ ಕೊಟ್ರೆ ಮೇಲ್ಮನವಿ ಇಲ್ಲ. ಮತ್ತೆ ಹೋಗೋಕೆ ಹೊಸ ಡಿಎಸ್-160, ಮತ್ತೆ 185 ಡಾಲರ್. ಸೆವಿಸ್ ಶುಲ್ಕ 12 ತಿಂಗಳು ನಡೆಯುತ್ತೆ, ಮತ್ತೆ ಕಟ್ಟಬೇಕಿಲ್ಲ. ಹಿಂದೆ ವೀಸಾ ನಿರಾಕರಣೆ ಆಗಿದೆಯಾ ಅನ್ನೋ ಜಾಗದಲ್ಲಿ ಹೌದು ಅಂತ ಬರೀಬೇಕು. ಕಾಯಲೇಬೇಕಾದ ಅವಧಿ ಅಂತ ಕಾನೂನಿನಲ್ಲಿ ಇಲ್ಲ, ಆದ್ರೆ ಏನೂ ಬದಲಾಗದೆ ಮುಂದಿನ ವಾರ ಹೋದ್ರೆ ಅದೇ ಫಲಿತಾಂಶ. ಸಾಲ ಮಂಜೂರಾಗಿರಬೇಕು, ಇಲ್ಲಾ ಅರ್ಜಿಯ ತಪ್ಪು ಸರಿಯಾಗಿರಬೇಕು, ಇಲ್ಲಾ ಓದಿನ ಕಾರಣವನ್ನ ಇನ್ನೂ ಸ್ಪಷ್ಟವಾಗಿ ಹೇಳೋ ಹಾಗಾಗಿರಬೇಕು.

221(ಜಿ) ಅಂದ್ರೆ ಬೇರೆ. ಕಾಗದ ಬೇಕು ಅಥವಾ ಪರಿಶೀಲನೆ ಬಾಕಿ ಇದೆ ಅಂತ. ಆನ್‌ಲೈನ್ ಸ್ಟೇಟಸ್‌ನಲ್ಲಿ ಆಗಲೂ ರೆಫ್ಯೂಸ್ಡ್ ಅಂತಲೇ ತೋರಿಸುತ್ತೆ, ಅದನ್ನ ನೋಡಿ ಎದೆಗುಂದಬೇಡಿ. ಚೀಟಿಯಲ್ಲಿ ಕೇಳಿದ್ದನ್ನ ಅವರು ಹೇಳಿದ ದಾರಿಯಲ್ಲೇ ಕಳಿಸಿ.

ಫಾಲ್_ಪ್ರವೇಶ
ತರಗತಿ ಶುರುವಾಗೋ ದಿನಕ್ಕೆ 365 ದಿನ ಮೊದಲೇ ವೀಸಾ ಕೊಡಬಹುದು, ಹಾಗಾಗಿ ಸ್ಲಾಟ್ ಬೇಗ ಸಿಕ್ಕಿದ್ರೆ ಬೇಗ ಹಿಡೀರಿ. ಅಮೆರಿಕದೊಳಗೆ ಹೋಗೋದು ಮಾತ್ರ ಐ-20ಯಲ್ಲಿರೋ ಶುರುವಿನ ದಿನಕ್ಕೆ 30 ದಿನದ ಒಳಗೆ. ಟಿಕೆಟ್ ವೀಸಾ ಬಂದಮೇಲೆ ಮಾಡಿಸಿ.

ತೋಟದಮನೆ
ಎಲ್ಲರಿಗೂ ಧನ್ಯವಾದ. ಕೋಚಿಂಗ್ ಹಾಳೆ ಬದಿಗಿಟ್ಟಿದ್ದೇವೆ. ಮೊದಲು ಪಾಸ್‌ಪೋರ್ಟ್ ರೀಇಶ್ಯೂ, ಆಮೇಲೆ ಐ-20 ತಿದ್ದುಪಡಿ, ಜೊತೆಗೆ ಬ್ಯಾಂಕಿನಲ್ಲಿ ಸಾಲದ ಅರ್ಜಿ. ಮಂಡಿ ಪಟ್ಟಿಗಳಲ್ಲಿ ಕೆಲವು ನನ್ನ ಹೆಸರಲ್ಲಿ, ಕೆಲವು ನನ್ನ ತಂದೆಯವರ ಹೆಸರಲ್ಲಿ ಇವೆ. ಅದು ನಡೆಯುತ್ತಾ?

ಲೆಕ್ಕದಪುಸ್ತಕ
ಪಹಣಿ ಇನ್ನೂ ಅವರ ಹೆಸರಲ್ಲಿದ್ರೆ ನಡೆಯುತ್ತೆ. ಅಜ್ಜ ಮೊಮ್ಮಗಳ ಓದಿಗೆ ಹಣ ಕೊಡ್ತೀನಿ ಅಂತ ಬರೆದ ಅಫಿಡವಿಟ್ ಒಂದು, ವಂಶವೃಕ್ಷದ ಪ್ರತಿ ಒಂದು ಜೊತೆಗಿಡಿ. ಡಿಎಸ್-160ಯಲ್ಲಿ ಖರ್ಚು ಯಾರು ಭರಿಸ್ತಾರೆ ಅನ್ನೋ ಜಾಗದಲ್ಲಿ ಯಾರ ಹೆಸರು ಹಾಕ್ತೀರೋ, ಖಾತೆಯಲ್ಲಿ ಹೆಚ್ಚು ಹಣ ಇರೋದೂ ಅವರ ಹೆಸರಲ್ಲೇ ಇರಲಿ.